ಪರದೇಶದಲ್ಲಿ ಸ್ವಂತ ವ್ಯಾಪಾರ: ಕಂಪನಿ ಬೇರೆ, ಪರ್ಮಿಟ್ ಬೇರೆ

ಕೇಳುಗರಿಗೆಲ್ಲ ನಮಸ್ಕಾರ.

ಪರದೇಶದಲ್ಲಿ ಚಿಕ್ಕದೊಂದು ವ್ಯಾಪಾರ ಶುರು ಮಾಡಬೇಕು ಅಂದುಕೊಂಡವರು ಮೊದಲು ಕೇಳುವುದು, ಕಂಪನಿ ರಿಜಿಸ್ಟರ್ ಮಾಡಿಸಲು ಎಷ್ಟು ಖರ್ಚು, ಎಷ್ಟು ದಿನ ಹಿಡಿಯುತ್ತದೆ ಎಂದು. ನನ್ನ ಪ್ರಕಾರ ಅದನ್ನು ಆಮೇಲೆ ಕೇಳಿದರೂ ನಡೆಯುತ್ತದೆ. ಮೊದಲು ಕೇಳಬೇಕಾದದ್ದು ಬೇರೆ. ಆ ಕಂಪನಿಯಲ್ಲಿ ನಾನೇ ಕೂತು ಕೆಲಸ ಮಾಡಬಹುದಾ?

ಕಂಪನಿಗೆ ಮಾಲೀಕರಾಗುವುದು ಒಂದು ಹಕ್ಕು. ಆ ದೇಶದಲ್ಲಿ ದುಡಿಯುವುದು ಇನ್ನೊಂದು. ಸಾಮಾನ್ಯವಾಗಿ ಇವೆರಡನ್ನೂ ಕೊಡುವ ಕಚೇರಿಗಳೇ ಬೇರೆ. ಒಂದು ಕಚೇರಿಯ ಸೀಲು ಬಿದ್ದಿದೆ ಎಂದರೆ ಇನ್ನೊಂದರಲ್ಲೂ ಕೆಲಸ ಆದಂತೆ ಅಲ್ಲ.

ಬ್ರಿಟನ್ನನ್ನೇ ನೋಡಿ. ಬೇರೆ ದೇಶದಲ್ಲಿ ಕೂತುಕೊಂಡೇ ಆನ್‌ಲೈನ್‌ನಲ್ಲಿ ಅಲ್ಲೊಂದು ಕಂಪನಿ ತೆರೆಯಬಹುದು. ಕಂಪನಿಗೆ ಅಲ್ಲಿನದೊಂದು ವಿಳಾಸ ಬೇಕು. 2025ರ ನವೆಂಬರ್‌ನಿಂದ ನಿರ್ದೇಶಕರು ತಮ್ಮ ಗುರುತನ್ನೂ ಖಚಿತಪಡಿಸಬೇಕು. ಇದೆಲ್ಲ ಬೇಗ ಮುಗಿಯುವ ಕೆಲಸವೇ. ಆದರೆ ಪ್ರವಾಸಿ ವೀಸಾದಲ್ಲಿ ಹೋಗಿ ಅದೇ ಕಂಪನಿಯ ದಿನದ ಕೆಲಸ ನಡೆಸುವ ಹಾಗಿಲ್ಲ. ಎಸ್ಟೋನಿಯಾ 2014ರಲ್ಲಿ ಇ-ರೆಸಿಡೆನ್ಸಿ ಎಂಬ ಡಿಜಿಟಲ್ ಕಾರ್ಡ್ ಕೊಡಲು ಶುರು ಮಾಡಿತು. ಹೆಸರಲ್ಲೇ ರೆಸಿಡೆನ್ಸಿ ಇದೆಯಲ್ಲ ಎಂದು ಎಷ್ಟೋ ಜನ ಅಲ್ಲಿ ಹೋಗಿ ನೆಲೆಸಬಹುದು ಅಂದುಕೊಳ್ಳುತ್ತಾರೆ. ಇಲ್ಲ. ಆ ಕಾರ್ಡ್‌ನಿಂದ ಕಂಪನಿ ತೆರೆಯಬಹುದು, ಕಾಗದಪತ್ರಕ್ಕೆ ಡಿಜಿಟಲ್ ಸಹಿ ಹಾಕಬಹುದು. ಅದು ವೀಸಾ ಅಲ್ಲ.

ಥಾಯ್ಲೆಂಡ್ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅಲ್ಲಿ ಈ ಗಂಟು ಚೆನ್ನಾಗಿ ಕಾಣುತ್ತದೆ. ಅಲ್ಲಿನ 1999ರ ವಿದೇಶಿ ವ್ಯಾಪಾರ ಕಾಯ್ದೆಯ ಪ್ರಕಾರ, ಹಲವು ಬಗೆಯ ವ್ಯಾಪಾರಗಳಲ್ಲಿ ವಿಶೇಷ ಅನುಮತಿ ಇಲ್ಲದೆ ವಿದೇಶಿಯರ ಪಾಲು ಅರ್ಧಕ್ಕಿಂತ ಕಡಿಮೆ ಇರಬೇಕು. ಇನ್ನು ಮಾಲೀಕರಿಗೇ ವರ್ಕ್ ಪರ್ಮಿಟ್ ಬೇಕಾದರೆ, ಸಾಮಾನ್ಯ ನಿಯಮದಂತೆ ಒಬ್ಬ ವಿದೇಶಿಗೆ 20 ಲಕ್ಷ ಬಾತ್ ಬಂಡವಾಳ ತೋರಿಸಬೇಕು, ನಾಲ್ವರು ಥಾಯ್ ನೌಕರರನ್ನು ಇಟ್ಟುಕೊಂಡಿರಬೇಕು. ಒಬ್ಬರೋ ಇಬ್ಬರೋ ಸೇರಿ ನಡೆಸುವ ಪುಟ್ಟ ಅಂಗಡಿಗೆ ನಾಲ್ಕು ಸಂಬಳ! ಲೆಕ್ಕ ಹಾಕಬೇಕಾದದ್ದು ಇದನ್ನು. ರಿಜಿಸ್ಟ್ರೇಷನ್ ಫೀಸು ಇದರ ಮುಂದೆ ಏನೂ ಅಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಕೆಲವು ಕಸುಬುಗಳು ಅಲ್ಲಿ ವಿದೇಶಿಯರಿಗೆ ಇಲ್ಲವೇ ಇಲ್ಲ. ಕೂದಲು ಕತ್ತರಿಸುವುದು, ಪ್ರವಾಸಿಗರಿಗೆ ಗೈಡ್ ಆಗುವುದು, ಬೀದಿಯಲ್ಲಿ ಮಾರುವುದು ಆ ಪಟ್ಟಿಯಲ್ಲಿವೆ. ಸಲೂನ್‌ನಲ್ಲಿ ನಿಮ್ಮ ಪಾಲು ಇದೆ ಅನ್ನಿ. ಒಂದು ದಿನ ಕೆಲಸದವರು ರಜೆ, ಗಿರಾಕಿ ಬಂದು ಕುರ್ಚಿಯಲ್ಲಿ ಕೂತಿದ್ದಾರೆ. ಐದೇ ನಿಮಿಷ ತಾನೇ ಎಂದು ನೀವು ಕತ್ತರಿ ಹಿಡಿದರೂ ತಪ್ಪೇ.

ಇಂಥ ಕಡೆಯಲ್ಲೇ ಏಜೆಂಟರು ಬರುತ್ತಾರೆ. 'ಚಿಂತೆ ಬಿಡಿ, ಇಲ್ಲಿನವರ ಹೆಸರಲ್ಲಿ ಷೇರು ಹಾಕಿಸೋಣ. ಅವರು ಸುಮ್ನೆ ಸಹಿ ಹಾಕ್ತಾರೆ, ವ್ಯಾಪಾರ ಪೂರ್ತಿ ನಿಮ್ಮದೇ' ಎನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ಥಾಯ್ ಕಾಯ್ದೆಯಲ್ಲಿ ಇದಕ್ಕೆ 3 ವರ್ಷದವರೆಗೆ ಜೈಲು, 10 ಲಕ್ಷ ಬಾತ್‌ವರೆಗೆ ದಂಡ ಇದೆ. ಹೆಸರು ಕೊಟ್ಟವರಿಗೂ ಇದೆ, ಕೊಡಿಸಿಕೊಂಡ ವಿದೇಶಿಗೂ ಇದೆ. ನನಗೆ ಇದರಲ್ಲಿ ಜಾಸ್ತಿ ಸಂಕಟ ಆಗುವುದು ಸಹಿ ಹಾಕಿದವರನ್ನು ನೆನೆದಾಗ. ಎಷ್ಟೋ ಸಲ ಅವರು ಸಣ್ಣ ಸಂಬಳದ ಜನ. ಏನಕ್ಕೆ ಸಹಿ ಹಾಕಿದ್ದೇವೆ ಎಂಬುದೂ ಅವರಿಗೆ ಸರಿಯಾಗಿ ಗೊತ್ತಿರುವುದಿಲ್ಲ.

ಕಾಗದಪತ್ರಗಳ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೋ ಡಿಗ್ರಿ ಸರ್ಟಿಫಿಕೇಟು, ಮದುವೆ ಸರ್ಟಿಫಿಕೇಟುಗಳಲ್ಲೂ ಅಕ್ಷರಕ್ಕೆ ಅಕ್ಷರ ಹಾಗೇ ಇರಲಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ಗುಮಾಸ್ತರು ಫೈಲ್ ವಾಪಸ್ ಕೊಡಬಹುದು. ಕಾಗದಪತ್ರ ಅಸಲಿ ಎಂದು ತೋರಿಸಲು, 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಅಪೊಸ್ಟೀಲ್ ಎಂಬ ಒಂದೇ ಮುದ್ರೆ ಸಾಕು. ಸೇರದ ದೇಶವಾದರೆ ರಾಯಭಾರ ಕಚೇರಿಗೂ ಅಲೆಯಬೇಕಾಗುತ್ತದೆ. ಭಾಷಾಂತರವನ್ನು ಅಲ್ಲಿನ ಕಚೇರಿ ಒಪ್ಪುವವರಿಂದಲೇ ಮಾಡಿಸಿ.

ಇನ್ನೊಂದು ತೊಡಕು ಬಹಳ ಜನರನ್ನು ಸುಸ್ತು ಮಾಡುತ್ತದೆ. ಬ್ಯಾಂಕಿನವರು ಖಾತೆ ತೆರೆಯಲು ವಾಸದ ಪರವಾನಗಿ ಕೇಳುತ್ತಾರೆ. ಪರವಾನಗಿ ಕೊಡುವವರು ಬಂಡವಾಳ ಬ್ಯಾಂಕಿನಲ್ಲಿ ಎಲ್ಲಿದೆ ಎನ್ನುತ್ತಾರೆ. ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಕಥೆಯೇ, ಅಲ್ವಾ? ಇದಕ್ಕೆ ಪ್ರತಿ ದೇಶದಲ್ಲೂ ಏನೋ ಒಂದು ಕ್ರಮ ಇರುತ್ತದೆ. ಅದನ್ನು ಅಲ್ಲಿನ ಲೆಕ್ಕಿಗರನ್ನೋ ವಕೀಲರನ್ನೋ ಕೇಳಿ, ಬರೆಸಿಕೊಳ್ಳಿ. ಅಂಗಡಿಗೆ ಮುಂಗಡ ಕೊಡುವ ಮೊದಲೇ ಕೇಳಿ. ಪರ್ಮಿಟ್ ಬರುವ ತನಕ ಬೀಗ ಹಾಕಿದ ಅಂಗಡಿಗೂ ತಿಂಗಳ ಬಾಡಿಗೆ ಕಟ್ಟಬೇಕಲ್ಲ.

ಅದೇ ವಕೀಲರ ಹತ್ತಿರ ಇನ್ನೊಂದನ್ನೂ ಕೇಳಿಕೊಂಡು ಬನ್ನಿ. ವ್ಯಾಪಾರ ಕೈ ಹಿಡಿಯದೆ ಹೋದರೆ ಮುಚ್ಚುವುದು ಹೇಗೆ? ಶುರುವಿನಲ್ಲಿ ಇದನ್ನು ಕೇಳಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಹಲವು ದೇಶಗಳಲ್ಲಿ ವೀಸಾ ನಿಂತಿರುವುದು ಆ ಕೆಲಸದ ಮೇಲೆ. ಜೊತೆಗೆ ಬಂದ ಗಂಡ, ಹೆಂಡತಿ, ಮಕ್ಕಳ ವೀಸಾ ನಿಂತಿರುವುದು ನಿಮ್ಮ ವೀಸಾದ ಮೇಲೆ. ಕಂಪನಿ ಮುಚ್ಚಿದ ಮೇಲೆ ಎಷ್ಟು ದಿನ ಅಲ್ಲಿರಬಹುದು, ಪರ್ಮಿಟ್ಟನ್ನು ಯಾರಿಗೆ ಒಪ್ಪಿಸಬೇಕು, ಕೊನೆಯ ತೆರಿಗೆ ಲೆಕ್ಕ ಯಾವಾಗ ಸಲ್ಲಿಸಬೇಕು, ಮಕ್ಕಳು ಶಾಲೆಯ ಆ ವರ್ಷ ಮುಗಿಸಬಹುದಾ, ಇಷ್ಟಕ್ಕೂ ಉತ್ತರ ಪಡೆದುಕೊಂಡೇ ನೋಂದಣಿ ಅರ್ಜಿಗೆ ಸಹಿ ಹಾಕಿ.

ನಮಸ್ಕಾರ.