ಯಾವ ಕಾನೂನಿಗೆ ಯಾರು ಹೆಣ್ಣು?

ಕೇಳುಗರೆಲ್ಲರಿಗೂ ನಮಸ್ಕಾರ.

ಅಂಕೋಲೆಯಿಂದ ಕಾರವಾರಕ್ಕೆ ಬರುವ ಸಂಜೆಯ ಬಸ್ಸು. ನನ್ನ ಪಕ್ಕದಲ್ಲಿ ಮೀನು ಮಾರಿ ಬಂದ ಅಜ್ಜಿ, ಕಾಲ ಬುಡದಲ್ಲಿ ಖಾಲಿ ಬುಟ್ಟಿ. ಎದುರಿನ ಸೀಟಿನಲ್ಲಿ ಸೀರೆ ಉಟ್ಟ ಒಬ್ಬ ಮಂಗಳಮುಖಿ. ಕಂಡಕ್ಟರ್ ಅವರ ಆಧಾರ್ ಕಾರ್ಡ್ ನೋಡಿದ. ಗಂಡಸಿನ ಹೆಸರು, ಹಳೆಯ ಫೋಟೋ. ಟಿಕೆಟ್ ಕೊಡಲೋ ಬೇಡವೋ ಎಂದು ನಿಂತುಬಿಟ್ಟ. ಅಜ್ಜಿಯೇ ಹೇಳಿದಳು: "ಅವ್ರಿಗೂ ಫ್ರೀ ಅದೆ, ಕೊಡು ತಮಾ."

ಅಜ್ಜಿ ಹೇಳಿದ್ದು ಸರಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಮಹಿಳೆಯರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರನ್ನೂ ಸೇರಿಸಿಕೊಂಡಿದೆ. ಮಹಿಳೆ ಅಂದರೆ ಯಾರು ಎಂಬ ಜಗಳ ಇಲ್ಲಿ ಏಳಲೇ ಇಲ್ಲ. ಆ ಪದದ ಪಕ್ಕ ಇನ್ನೊಂದು ಪದ ಬರೆದರು, ಅಷ್ಟೆ.

ಬ್ರಿಟನ್ನಿನಲ್ಲಿ ಈ ಪ್ರಶ್ನೆ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸ್ಕಾಟ್ಲೆಂಡಿನ ಸರ್ಕಾರಿ ಮಂಡಳಿಗಳಲ್ಲಿ ಅರ್ಧದಷ್ಟು ಮಹಿಳೆಯರು ಇರಲಿ ಎಂದು ಒಂದು ಕಾನೂನು ಬಂದಿತ್ತು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವ, ಹೆಣ್ಣೆಂದು ಪ್ರಮಾಣಪತ್ರ ಪಡೆದ ಟ್ರಾನ್ಸ್ ಮಹಿಳೆಯರೂ ಆ ಲೆಕ್ಕದಲ್ಲಿ ಬರುತ್ತಾರೆಯೇ? 2025ರ ಏಪ್ರಿಲ್ 16ರಂದು 5 ನ್ಯಾಯಾಧೀಶರು ಒಮ್ಮತದಿಂದ ತೀರ್ಪು ಕೊಟ್ಟರು. 2010ರ ಸಮಾನತಾ ಕಾಯ್ದೆಯಲ್ಲಿ ಮಹಿಳೆ ಎಂದರೆ ಹುಟ್ಟಿನಿಂದ ಹೆಣ್ಣಾದವಳು ಎಂದರು. ಟ್ರಾನ್ಸ್ ಜನರಿಗೆ ಅದೇ ಕಾಯ್ದೆಯಲ್ಲಿ ಇರುವ ಬೇರೆ ರಕ್ಷಣೆ ಹೋಗುವುದಿಲ್ಲ ಎಂದೂ ಹೇಳಿದರು. ಜನ ಈ ಎರಡನೇ ಮಾತನ್ನು ಜಾಸ್ತಿ ಕೇಳಿಸಿಕೊಳ್ಳಲಿಲ್ಲ.

ನಮ್ಮ ಭಾರತೀಯ ನ್ಯಾಯ ಸಂಹಿತೆ ಮಹಿಳೆ ಎಂದರೆ ಯಾವುದೇ ವಯಸ್ಸಿನ ಹೆಣ್ಣು ಎನ್ನುತ್ತದೆ. 1860ರ ದಂಡ ಸಂಹಿತೆಯಲ್ಲಿದ್ದ ಮಾತೇ ಇದು. 2014ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ಟ್ರಾನ್ಸ್‌ಜೆಂಡರ್ ವ್ಯಕ್ತಿ ತಾನು ಗಂಡೋ ಹೆಣ್ಣೋ ಮೂರನೆಯವರೋ ಎಂದು ತಾನೇ ಹೇಳಿಕೊಳ್ಳಬಹುದು ಎಂದಿತು. ಎರಡೂ ಮಾತು ಅಕ್ಕಪಕ್ಕ ಇವೆ.

ಕಾನೂನು ಎಳೆದ ಗೆರೆ ಒಂದೇ ಮನೆಯ ನಡುವೆ ಹೇಗೆ ಹಾದುಹೋಗುತ್ತದೆ ಎಂದು ನಾನು ಕಂಡಿದ್ದೇನೆ. ನಮ್ಮದು ಶಿರಸಿ ಕಡೆಯ ಅಡಿಕೆ ತೋಟದ ಮನೆ. 1994ರ ಜುಲೈ 30ರಿಂದ ಕರ್ನಾಟಕದಲ್ಲಿ ಹಿಂದೂ ಮನೆಯ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಬಂತು. ಅದಕ್ಕೂ ಮುಂಚೆ ಮದುವೆಯಾದವಳಿಗೆ ಮಾತ್ರ ಇಲ್ಲ. ನನ್ನ ಅಕ್ಕನ ಮದುವೆ ಆದದ್ದು ಅದೇ ವರ್ಷ ಮೇ ತಿಂಗಳಲ್ಲಿ. ನನ್ನದು ಎರಡು ವರ್ಷ ಬಿಟ್ಟು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಕಾನೂನಿನ ಲೆಕ್ಕಕ್ಕೆ ಮಗಳು ನಾನೊಬ್ಬಳೇ. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಗೆರೆಯನ್ನು ಅಳಿಸಿತು. ಅಷ್ಟರಲ್ಲಿ ನಮ್ಮ ಮನೆಯ ಪಾಲುಪತ್ರ ನೋಂದಣಿಯಾಗಿ ವರ್ಷಗಳೇ ಕಳೆದಿದ್ದವು. ಅಕ್ಕ ಈಗಲೂ ಬಂದರೆ ತೋಟದ ಅಂಚಿನಲ್ಲೇ ನಿಲ್ಲುತ್ತಾಳೆ. "ನಿಮ್ಮ ತೋಟ ಚೆನ್ನಾಗಿದೆ" ಎನ್ನುತ್ತಾಳೆ. ಆ "ನಿಮ್ಮ" ಎಂಬ ಮಾತು ನನಗೆ ಚುಚ್ಚುತ್ತದೆ.

ಹಾಗಾಗಿ ನನಗೆ ಅನಿಸುವುದು ಇಷ್ಟು. ಎಲ್ಲ ಕಾನೂನಿಗೂ ಹೊಂದುವ ಒಂದೇ ಅರ್ಥವನ್ನು ಹುಡುಕುವುದು ಬೇಡ. ಈ ಕಾನೂನು ಯಾರ ಕಷ್ಟಕ್ಕೆ ಬಂತು ಎಂದು ಮೊದಲು ಕೇಳೋಣ. ಆಟದ ಸ್ಪರ್ಧೆ, ಜೈಲಿನ ಕೋಣೆ, ಇಲ್ಲೆಲ್ಲ ದೇಹದ ವಿಚಾರ ಬಂದೇ ಬರುತ್ತದೆ. ಅಲ್ಲಿ ನಮಗೆ ನಮ್ಮದೇ ಜಾಗ ಬೇಕು ಎನ್ನುವ ಹೆಂಗಸರ ಮಾತನ್ನು ಸುಮ್ನೆ ದ್ವೇಷ ಎಂದು ತಳ್ಳಿಹಾಕಬಾರದು. ಅವರ ಹೆದರಿಕೆ ನಿಜವಾದದ್ದು. ಆದರೆ ದಾರಿಯಲ್ಲಿ ಮೈಮೇಲೆ ಕೈ ಹಾಕುವವನು ಯಾರ ಹುಟ್ಟಿನ ದಾಖಲೆಯನ್ನೂ ಕೇಳುವುದಿಲ್ಲ, ಅಲ್ವಾ?

ಹೀಗಿದ್ದೂ ಟ್ರಾನ್ಸ್‌ಜೆಂಡರ್ ಜನರ ಹಕ್ಕು ಕಾಯಲೆಂದೇ ಬಂದ ನಮ್ಮ 2019ರ ಕಾಯ್ದೆ ಅಂಥ ವ್ಯಕ್ತಿಯ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಬರೆದ ಶಿಕ್ಷೆ 6 ತಿಂಗಳಿಂದ 2 ವರ್ಷ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕಡಿಮೆ ಎಂದರೂ 10 ವರ್ಷ. ಇದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ.

ಆ ಸಂಜೆ ಬಸ್ಸಿನಲ್ಲಿದ್ದ ಆ ಮಂಗಳಮುಖಿ ಬಿಣಗಾದಲ್ಲಿ ಇಳಿದರು. ಕತ್ತಲಾಗಿತ್ತು. ಅಜ್ಜಿ ಕಿಟಕಿಯಲ್ಲಿ ಬಗ್ಗಿ, ಮನೆಯಿಂದ ಯಾರಾದರೂ ಬರುತ್ತಾರಾ ಎಂದು ಕೇಳಿದಳು. ಅವರು ಇಲ್ಲ ಎಂದು ತಲೆ ಅಲ್ಲಾಡಿಸಿದರು. ಮೊಬೈಲಿನ ಟಾರ್ಚ್ ಹಚ್ಚಿಕೊಂಡು ನಡೆದರು.