ದೋಣಿಯ ಮೂತಿಗೆ ಕಟ್ಟುವ ಹಗ್ಗ: 'ಪೇಂಟರ್' ಯಾವುದು, ಹಾಸರ್ ಯಾವುದು?

[ದೃಶ್ಯ: ರಂಗನತಿಟ್ಟು. ದಡಕ್ಕೆ ಬರುತ್ತಿರುವ ದೋಣಿ. ಕ್ಯಾಮೆರಾ ನಿಧಾನಕ್ಕೆ ದೋಣಿಯ ಮುಂದಿನ ತುದಿಗೆ.]

ನಮಸ್ಕಾರ. ರಂಗನತಿಟ್ಟಿಗೆ ಬಂದವರ ಕಣ್ಣೆಲ್ಲ ಕೊಕ್ಕರೆ ಮೇಲೆ, ಬಂಡೆ ಮೇಲೆ ಮಲಗಿದ ಮೊಸಳೆ ಮೇಲೆ. ಇವತ್ತು ಸ್ವಲ್ಪ ಹೊತ್ತು ದೋಣಿಯ ಮೂತಿ ನೋಡೋಣ. ಸಣ್ಣ ದೋಣಿಯ ಮೂತಿಯಲ್ಲಿ ಸಾಮಾನ್ಯವಾಗಿ ಒಂದು ಬಳೆ ಇರುತ್ತದೆ. ಆ ಬಳೆಗೆ ಒಂದು ಹಗ್ಗ. ದೋಣಿಯನ್ನು ದಡದ ಗೂಟಕ್ಕೆ ಕಟ್ಟುವುದಕ್ಕೂ ಅದೇ, ಇನ್ನೊಂದು ದೋಣಿಯ ಹಿಂದೆ ಎಳೆಸಿಕೊಂಡು ಹೋಗುವುದಕ್ಕೂ ಅದೇ. ಕಡಲಿನವರು ಈ ಹಗ್ಗವನ್ನು 'ಪೇಂಟರ್' ಎನ್ನುತ್ತಾರೆ.

ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಹಳೆಯ ಫ್ರೆಂಚಿನಲ್ಲಿ ನೇತುಹಾಕುವ ಹಗ್ಗಕ್ಕಿದ್ದ ಪದದಿಂದ ಇದು ಬಂದಿರಬೇಕು ಅಂತ ನಿಘಂಟುಗಳು ಹೇಳುತ್ತವೆ. ಅಷ್ಟು ಸಾಕು, ಮುಂದಕ್ಕೆ ಹೋಗೋಣ.

[ದೃಶ್ಯ: ಮಂಡ್ಯದ ಒಂದು ಕೊಟ್ಟಿಗೆ. ಎತ್ತು, ಕರು.]

ಮೈಸೂರು, ಮಂಡ್ಯದಿಂದ ಮರ್ಚೆಂಟ್ ನೇವಿಗೆ ಓದುವ ಮಕ್ಕಳು ಈ ಹಗ್ಗಗಳ ಹೆಸರಲ್ಲೇ ಮೊದಲು ತಡವರಿಸುತ್ತಾರೆ. ಒಂದು ಹಗ್ಗಕ್ಕೆ ಇಷ್ಟೊಂದು ಹೆಸರು ಯಾಕೆ ಅನ್ನಿಸುತ್ತದೆ. ಆದರೆ ಎತ್ತಿನ ಮೂಗಿಗೆ ಮೂಗುದಾರ, ಕರುವಿಗೆ ಕಣ್ಣಿ, ಬಾವಿಯಿಂದ ನೀರೆತ್ತುವ ಕಪಿಲೆಗೆ ಮಿಣಿ ಅಂತ ನಮ್ಮಲ್ಲೂ ಇದೆ ಅಲ್ವಾ? ಹಡಗಿನಲ್ಲೂ ಹಾಗೇ, ಹೆಸರು ಕೆಲಸಕ್ಕೆ.

'ಮೂರಿಂಗ್ ಲೈನ್' ಅನ್ನುವುದು ಇಡೀ ಕುಟುಂಬದ ಹೆಸರು. ಹಡಗನ್ನು ದಡಕ್ಕೆ ಕಟ್ಟುವ ಯಾವ ಹಗ್ಗಕ್ಕೂ ಅದು ಸಲ್ಲುತ್ತದೆ. 'ಹಾಸರ್' ಅಂದರೆ ದಪ್ಪ ಹಗ್ಗ. ದೊಡ್ಡ ಹಡಗನ್ನು ಕಟ್ಟುವುದಕ್ಕೆ, ಎಳೆಯುವುದಕ್ಕೆ. ನಾಲ್ಕು ಜನ ಕೂರುವ ದೋಣಿಯ ಹಗ್ಗವನ್ನು ಹಾಸರ್ ಅಂದರೆ ತಪ್ಪು.

ಪೇಂಟರ್‌ಗೆ ತೀರಾ ಹತ್ತಿರದ ಹೆಸರು 'ಬೌ ಲೈನ್', ಅಂದರೆ ಮುಂಭಾಗದ ಹಗ್ಗ. ಸಣ್ಣ ದೋಣಿಯ ಮಟ್ಟಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಪೇಂಟರ್ ದೋಣಿಯ ಜೊತೆಗೇ ಇರುವ ಹಗ್ಗ, ಬಳೆಯಿಂದ ಅದನ್ನು ಬಿಚ್ಚಿಡುವುದಿಲ್ಲ. ಇಲ್ಲೊಂದು ಎಚ್ಚರಿಕೆ: 'ಬೋಲಿನ್' ಅಂತ ಕೇಳಿಸಿದರೆ ಅದು ಸಾಮಾನ್ಯವಾಗಿ ಹಗ್ಗವಲ್ಲ, ಒಂದು ಗಂಟು. ಇಂಗ್ಲಿಷಿನಲ್ಲಿ ಎರಡರ ಅಕ್ಷರವೂ ಒಂದೇ, ಬಾಯಲ್ಲಿ ಮಾತ್ರ ಬೇರೆ.

[ದೃಶ್ಯ: ಕೈಗಳು ಕ್ಲೋಸಪ್‌ನಲ್ಲಿ. ಗೂಟಕ್ಕೆ ಎರಡು ಸುತ್ತು, ಮೇಲೆ ಎರಡು ಕುಣಿಕೆ.]

ಪೇಂಟರ್ ಎಷ್ಟು ಉದ್ದ ಇರಬೇಕು? ಮೋಟಾರು ದೋಣಿಯಾದರೆ ದೋಣಿಗಿಂತ ಗಿಡ್ಡ. ಕೈತಪ್ಪಿ ನೀರಿಗೆ ಬಿದ್ದರೂ ಹಿಂದಿನ ಪ್ರೊಪೆಲ್ಲರ್‌ಗೆ ಎಟುಕಬಾರದು. ತೇಲುವ ಹಗ್ಗ ಇನ್ನೂ ಒಳ್ಳೆಯದು. ಪಾಲಿಪ್ರೊಪಿಲೀನ್ ತೇಲುತ್ತದೆ, ಬಿಸಿಲಿಗೆ ಬೇಗ ಹಾಳಾಗುತ್ತದೆ. ನೈಲಾನ್ ಮುಳುಗುತ್ತದೆ, ಆದರೆ ಜಗ್ಗಿದರೆ ಹಿಗ್ಗಿ ಪೆಟ್ಟು ತಡೆಯುತ್ತದೆ. ನಮ್ಮ ತೆಂಗಿನ ನಾರಿನ ಹಗ್ಗವೂ ತೇಲುತ್ತದೆ. ಆ ಗುಣಕ್ಕಾಗಿಯೇ ಅದು ಹಿಂದೆ ಹಡಗುಗಳಲ್ಲಿ ಬಳಕೆಯಲ್ಲಿತ್ತು.

ಕಟ್ಟುವಾಗ ಸಡಿಲ ಬಿಡುವುದನ್ನು ಮರೆಯಬೇಡಿ. ಕಡಲಿನಲ್ಲಿ ಉಬ್ಬರ ಇಳಿತ ಇದೆ. ನಮ್ಮಲ್ಲಿ ಕೆ.ಆರ್.ಎಸ್. ಇದೆ. ಅಣೆಕಟ್ಟೆ 124.80 ಅಡಿ ಮುಟ್ಟಿ ಜಾಸ್ತಿ ನೀರು ಹೊರಬಿಟ್ಟರೆ ಕೆಳಗೆ ಕಾವೇರಿ ಏರುತ್ತದೆ, ರಂಗನತಿಟ್ಟಿನಲ್ಲಿ ದೋಣಿ ವಿಹಾರ ನಿಲ್ಲಿಸುತ್ತಾರೆ. ತಗ್ಗಿನ ಗೂಟಕ್ಕೆ ಗಿಡ್ಡವಾಗಿ ಬಿಗಿದ ದೋಣಿ ಆಗ ನೀರಿನ ಜೊತೆ ಮೇಲೇಳುವುದಿಲ್ಲ. ಹಗ್ಗವೇ ಅದರ ಮೂತಿಯನ್ನು ಕೆಳಕ್ಕೆ ಎಳೆಯುತ್ತದೆ.

[ದೃಶ್ಯ: ಅನಿಮೇಷನ್. ಹಡಗಿನ ಡೆಕ್ಕಿನ ಮೇಲೆ ಬಿಳಿ ಪೀಪಾಯಿ.]

ಈಗ ನನಗೆ ತುಂಬಾ ಮೆಚ್ಚುಗೆಯಾದ ಭಾಗ. ಈ ಪೀಪಾಯಿಯ ಒಳಗೆ ಮಡಚಿಟ್ಟ ಲೈಫ್‌ರಾಫ್ಟ್, ಅಂದರೆ ಜೀವ ಉಳಿಸುವ ಉಬ್ಬುವ ತೆಪ್ಪ ಇದೆ. ಅದರಿಂದ ಹೊರಬರುವ ಹಗ್ಗವೂ ಪೇಂಟರ್. ಅಂತರರಾಷ್ಟ್ರೀಯ ನಿಯಮದಂತೆ ಅದು ಕಡಿಮೆ ಅಂದರೂ 15 ಮೀಟರ್ ಉದ್ದ ಇರಬೇಕು. ಪೀಪಾಯಿ ನೀರಿನಿಂದ ಎತ್ತರದಲ್ಲಿದ್ದರೆ ಇನ್ನೂ ಜಾಸ್ತಿ.

ಮೊದಲು ಪೇಂಟರ್‌ನ ತುದಿ ಹಡಗಿಗೆ ಕಟ್ಟಿದೆಯಾ ನೋಡಬೇಕು. ಆಮೇಲೆ ಪೀಪಾಯಿ ನೀರಿಗೆ. ಹಗ್ಗ ಪೂರ್ತಿ ಬರುವ ತನಕ ಎಳೆದು, ಕೊನೆಗೆ ಜೋರಾಗಿ ಒಂದು ಜಗ್ಗು. ಒಳಗಿನ ಅನಿಲದ ಸಿಲಿಂಡರ್ ತೆರೆದುಕೊಳ್ಳುತ್ತದೆ, ರಾಫ್ಟ್ ಉಬ್ಬಿ ನಿಲ್ಲುತ್ತದೆ. ತುದಿ ಕಟ್ಟದೆ ಎಸೆದರೆ ಪೀಪಾಯಿ ತೇಲಿಕೊಂಡು ದೂರ ಹೋಗುತ್ತದೆ.

ಯಾರಿಗೂ ಎಸೆಯಲು ಸಮಯ ಸಿಗದೆ ಹಡಗು ಮುಳುಗಿದರೆ? ಅದಕ್ಕೆ ಹೈಡ್ರೋಸ್ಟಾಟಿಕ್ ರಿಲೀಸ್ ಅನ್ನುವ ಸಾಧನ ಇದೆ. 4 ಮೀಟರ್ ಆಳ ದಾಟುವ ಮೊದಲೇ ನೀರಿನ ಒತ್ತಡಕ್ಕೆ ಅದು ಪೀಪಾಯಿಯ ಕಟ್ಟು ಬಿಡಿಸುತ್ತದೆ. ಪೀಪಾಯಿ ಮೇಲಕ್ಕೆ, ಹಡಗು ಕೆಳಕ್ಕೆ. ನಡುವೆ ಪೇಂಟರ್ ಬಿಗಿದು ರಾಫ್ಟ್ ಉಬ್ಬುತ್ತದೆ. ಈಗ ಹಗ್ಗ ಬಿಡಲೇಬೇಕು, ಇಲ್ಲದಿದ್ದರೆ ಹಡಗಿನ ಜೊತೆ ರಾಫ್ಟೂ ಹೋಗುತ್ತದೆ. ಅದಕ್ಕಾಗಿ ಪೇಂಟರ್‌ಗೂ ಹಡಗಿಗೂ ನಡುವೆ 'ವೀಕ್ ಲಿಂಕ್' ಇರುತ್ತದೆ. ಸುಮಾರು 220 ಕಿಲೋ ತೂಕ ಎಳೆದಷ್ಟು ಬಲ ಬಿದ್ದರೆ ಸಾಕು, ಅದು ತುಂಡಾಗುತ್ತದೆ. ಬೇಕೆಂದೇ ಅಶಕ್ತವಾಗಿ ಮಾಡಿದ ಕೊಂಡಿ ಅದು. ಅದನ್ನು ಬಿಟ್ಟು ಪೇಂಟರನ್ನು ನೇರವಾಗಿ ಡೆಕ್ಕಿಗೆ ಬಿಗಿದರೆ, ಗಟ್ಟಿ ಹಗ್ಗವೇ ಜೀವ ತೆಗೆಯುತ್ತದೆ.

ಕೈಯಾರೆ ಎಸೆದ ರಾಫ್ಟಾದರೆ, ಜನ ಹತ್ತಿದ ಮೇಲೆ ಹಗ್ಗ ಕತ್ತರಿಸಬೇಕಲ್ಲ. ರಾಫ್ಟಿನ ಮೇಲ್ಛಾವಣಿಯ ಹೊರಗೆ, ಪೇಂಟರ್ ಕಟ್ಟಿರುವ ಜಾಗದ ಪಕ್ಕದಲ್ಲೇ ಒಂದು ಜೇಬು, ಅದರಲ್ಲಿ ಚಾಕು. ಹಿಡಿ ನೀರಿನಲ್ಲಿ ತೇಲುತ್ತದೆ. ಕತ್ತಲಲ್ಲಿ ತಡಕಾಡಿದರೂ ಕೈಗೆ ಸಿಗಬೇಕು.

'ಪೇಂಟರ್ ಕತ್ತರಿಸು' ಅನ್ನುವ ಮಾತು ಇಂಗ್ಲಿಷಿನಲ್ಲಿ ನುಡಿಗಟ್ಟೂ ಆಗಿದೆ. ವಸಾಹತುಗಳು ಬ್ರಿಟನ್‌ನಿಂದ ಬೇರೆಯಾಗುವ ಚರ್ಚೆಯಲ್ಲಿ ಅದು ಬಳಕೆಯಾಗುತ್ತಿತ್ತು. ಹಳೆಯ ಪತ್ರಿಕೆ ಓದುವವರಿಗೆ ಎದುರಾಗಬಹುದು.

ಮುಂದಿನ ವಿಡಿಯೋದಲ್ಲಿ ಬೋಲಿನ್ ಗಂಟು ಹಾಕುವುದನ್ನು ತೋರಿಸುತ್ತೇವೆ. ಒಂದೆರಡು ಮೀಟರ್ ಹಗ್ಗ ಹತ್ತಿರ ಇಟ್ಟುಕೊಂಡಿರಿ.