ಬಿಚ್ಚದ ಬುತ್ತಿ: ವಿರಹದ ಹಾಡು ಕಟ್ಟುವ ಬಗೆ

ಕೇಳುಗರಿಗೆ ನಮಸ್ಕಾರ. ವಿರಹದ ಹಾಡು ಬರೆಯಲು ಕೂತವರು ಪಲ್ಲವಿಯಲ್ಲೇ ‘ವಿರಹ’, ‘ಕಣ್ಣೀರು’, ‘ನೆನಪು’ ಮೂರನ್ನೂ ಖರ್ಚು ಮಾಡಿಬಿಡುತ್ತಾರೆ. ಚರಣಕ್ಕೆ ಮತ್ತೇನು ಉಳಿಯಿತು? ಅದೇ ಅಳು, ಬೇರೆ ಪ್ರಾಸದಲ್ಲಿ.

ಇಲ್ಲದವರನ್ನು ತೋರಿಸಲು ಅವರ ಪಾಲಿನದೊಂದು ವಸ್ತು ಬೇಕು. ನಮ್ಮ ಕಲಬುರಗಿ ಸೀಮೆಯ ಎಳ್ಳ ಅಮಾಸಿಯನ್ನೇ ತಗೊಳ್ಳಿ. ಹೊಲದಲ್ಲಿ ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ ಎಲ್ಲರೂ ಕೂಡಿ ಭಜ್ಜಿ, ಸಜ್ಜಿರೊಟ್ಟಿ ಉಣ್ಣುವ ದಿನ. ಗಂಡ ಪುಣೆಗೆ ದುಡಿಯಲು ಹೋಗಿದ್ದಾನೆ. ಹೆಂಡತಿ ಇಷ್ಟು ಹಾಡಿದರೆ ಸಾಕು:

ಸಜ್ಜಿರೊಟ್ಟಿಯ ಬುತ್ತಿ ಕಟ್ಟಿದೆ
ನಿನ್ನ ಪಾಲಿನ ಗಂಟು ಉಳಿದಿದೆ

ಈಗ ಮಾತ್ರೆ ಎಣಿಸಿ. ಹ್ರಸ್ವಕ್ಕೆ 1, ದೀರ್ಘಕ್ಕೆ 2. ಒತ್ತಕ್ಷರದ ಹಿಂದಿನದಕ್ಕೂ ಸೊನ್ನೆ ಇರುವುದಕ್ಕೂ 2. ‘ಸಜ್ಜಿ’ 3, ‘ರೊಟ್ಟಿಯ’ 4, ‘ಬುತ್ತಿ’ 3, ‘ಕಟ್ಟಿದೆ’ 4. ಒಟ್ಟು 14. ಹಿಂದೂಸ್ತಾನಿಯ 14 ಮಾತ್ರೆಯ ದೀಪಚಂದಿ ತಾಳದ ವಿಭಾಗವೂ ಇದೇ 3-4-3-4, ಹಾಗಾಗಿ ನಿಧಾನ ಲಯದಲ್ಲಿ ಸಲೀಸಾಗಿ ಕೂಡುತ್ತದೆ. ಎರಡನೇ ಸಾಲೂ ಎಣಿಕೆಗೆ ಸರಿ, ಬಾಯಿಗೆ ಮಾತ್ರ ತಪ್ಪು. ಹಾಡುವವರು ‘ಗಂಟು ಉಳಿದಿದೆ’ಯನ್ನು ‘ಗಂಟುಳಿದಿದೆ’ ಎಂದು ಕೂಡಿಸಿಬಿಡುತ್ತಾರೆ. 7 ಹೋಗಿ 6 ಆಯಿತು, ತಬಲಾದವನು ಮುಖ ನೋಡುತ್ತಾನೆ. ‘ಗಂಟು ಮಿಕ್ಕಿದೆ’ ಎಂದು ತಿದ್ದಿ. ವ್ಯಂಜನ ಎದುರಿಗೆ ನಿಂತರೆ ಹಾಗೆ ಕೂಡಿಸಲು ಎಡೆಯೇ ಇಲ್ಲ.

ಯಾರಿಗೆ ಹಾಡುತ್ತಿದ್ದಾಳೆ ಎಂಬುದೂ ಮೊದಲೇ ಗಟ್ಟಿಯಾಗಲಿ. ಅಕ್ಕಮಹಾದೇವಿ ದುಂಬಿ, ಮಾಮರ, ಬೆಳದಿಂಗಳು, ಕೋಗಿಲೆಗಳನ್ನು ಕರೆದು, ಚೆನ್ನಮಲ್ಲಿಕಾರ್ಜುನನನ್ನು ಕಂಡರೆ ತೋರಿಸಿ ಎಂದು ಬೇಡುತ್ತಾಳೆ. ಕೊನೆತನಕ ಆ ಮಾತು ಅವುಗಳಿಗೇ. ಪಲ್ಲವಿಯಲ್ಲಿ ‘ನೀನು’, ಚರಣದಲ್ಲಿ ‘ಅವನು’ ಎಂದು ಕಾರಣವಿಲ್ಲದೆ ಬದಲಿಸಿದರೆ ಕೇಳುವವರಿಗೆ ಇಬ್ಬರು ಗಂಡಸರು ಕಾಣುತ್ತಾರೆ.

ಚರಣದಿಂದ ಚರಣಕ್ಕೆ ಕಾಲ ಸರಿಯಲಿ: ಮುಂಗಾರಿನ ಮಿರಗದ ಮಳಿ, ತೊಗರಿ ಹೂ, ಎಳ್ಳ ಅಮಾಸಿ, ಎಳೆ ಜೋಳದ ಸೀತನಿ. ಮೂರು ಚರಣ ಧಾರಾಳ. ಆದರೆ ವೈಶಾಖದಲ್ಲಿ ತೊಗರಿ ಹೂ ಅರಳಿಸಿದಿರೋ, ರೈತರು ರೇಡಿಯೋ ಬಂದ್ ಮಾಡುತ್ತಾರೆ. ಈ ಕರಿಮಣ್ಣಿಗೆ ಮಲೆನಾಡಿನ ಜಡಿಮಳೆಯನ್ನೂ ತರಬೇಡಿ.

ಉರ್ದು ಮುಶಾಯಿರಾ, ಅಂದರೆ ಕವಿಗೋಷ್ಠಿ, ಕೇಳಿ ಬೆಳೆದ ಊರು ಇದು, ಗಜಲ್ ಬರೆಯುವ ಆಸೆ ಸಹಜ. ಅಲ್ಲಿ ಪ್ರತಿ ದ್ವಿಪದಿ ಸ್ವತಂತ್ರ. ತಿಂಗಳುಗಳ ಈ ಸರಣಿ ಅದಕ್ಕೆ ಹೊಂದುವುದಿಲ್ಲ. ಮೊದಲ ದ್ವಿಪದಿಯ ಎರಡೂ ಸಾಲಿನ ಕೊನೆಗೆ, ಮುಂದಿನವುಗಳ ಎರಡನೇ ಸಾಲಿನ ಕೊನೆಗೆ ರದೀಫ್, ಅಂದರೆ ಮರುಕಳಿಸುವ ಅದೇ ಪದ, ಬರಬೇಕು, ಅದರ ಹಿಂದೆ ಕಾಫಿಯಾದ ಪ್ರಾಸ. ರದೀಫಿಗೆ ‘ನೀನಿಲ್ಲ’ ಬೇಡ. ಮೂರನೇ ಸಲಕ್ಕೇ ಹಾಜರಿ ಕೂಗಿದಂತಾಗುತ್ತದೆ. ‘ಇನ್ನೂ’ ಇಟ್ಟು ನೋಡಿ. ಬಾಗಿಲು ತೆರೆದಿದೆ ಇನ್ನೂ, ದೀಪ ಉರಿದಿದೆ ಇನ್ನೂ.